ಕರಿದೆಣ್ಣೆಯ ಕಾರು, ಸುಂಕದವರ ಮೂಗು
1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಡೀಸೆಲ್ ಎಂಜಿನ್ನೊಂದು ಕಡಲೆಕಾಯಿ ಎಣ್ಣೆ ಕುಡಿದು ಗೊಣಗದೆ ಓಡಿದ್ದರಿಂದ, 2002ರಲ್ಲಿ ವೇಲ್ಸಿನ ಲಾನೆಲ್ಲಿ ಪಟ್ಟಣದ ಕೆಲವರು ಅಂಗಡಿಯ ಅಡುಗೆ ಎಣ್ಣೆಯನ್ನು ಕಾರಿಗೆ ಸುರಿದದ್ದು ಹೊಸ ಆವಿಷ್ಕಾರವೇನಲ್ಲ. ಹೊಸದಾಗಿದ್ದುದು, ಹೀಗೆ ಇಂಧನ ಸುಂಕ ತಪ್ಪಿಸಿದವರನ್ನು ಹೊಗೆಯ ವಾಸನೆಯಿಂದಲೇ ಪತ್ತೆಹಚ್ಚಲು ಹೊರಟ ಅಧಿಕಾರಿಗಳ ಮೂಗು. ಆಲೂಗಡ್ಡೆ ಕರಿದ ಘಮಲು ಬಂದರೆ ಗಾಡಿಗೆ ತಡೆ. ಚಾಲಕನು ಕೊಡುವ ಸಮಜಾಯಿಷಿಯೆಲ್ಲ (ಇಲ್ಲಿ ಅಕ್ಷರಶಃ) ಸುಂಕದವನ ಮುಂದೆ ಹೇಳಿಕೊಂಡ ಸುಖದುಃಖ. ಸುಂಕದ ಮಾತು ಹಾಗಿರಲಿ, ಹಸಿ ಎಣ್ಣೆಯು ಮಂದವಾಗಿದ್ದು ಇಂಧನ ಸಿಂಪಡಿಸುವ ನಳಿಕೆ ಕಟ್ಟಿಕೊಳ್ಳುವಂತೆ ಮಾಡುವುದರಿಂದ, ಅದನ್ನು ಕ್ಷಾರದ ನೆರವಿನಲ್ಲಿ ಮೆಥನಾಲಿನೊಡನೆ ಬೆರೆಸಿ, ಗ್ಲಿಸರಿನ್ ಬೇರ್ಪಡಿಸಿ ತೆಳುವಾಗಿಸುವ ಕ್ರಮವುಂಟು. ಹಾಗೆ ಉಳಿದ ತಿಳಿಯೇ ಬಯೋಡೀಸೆಲ್. 2007ರಲ್ಲಿ ಬ್ರಿಟನ್ ಸರ್ಕಾರವು ಮನೆಯಲ್ಲೇ ಇದನ್ನು ತಯಾರಿಸುವವರಿಗೆ ವರ್ಷಕ್ಕೆ 2,500 ಲೀಟರಿನವರೆಗೆ ಸುಂಕವನ್ನು ಬಿಟ್ಟುಕೊಟ್ಟಿತಾದರೂ, ಲೆಕ್ಕ ಬರೆದಿಡುವ ಕಷ್ಟವನ್ನು ಮಾತ್ರ ಬಿಟ್ಟುಕೊಡಲಿಲ್ಲ.