ಪ್ಲಾಂಕ್ಟನ್ ಮತ್ತು ಹಿತಕಬೇಳೆ

ಬುದ್ಧಿವಂತರ ಮಾತು ಕೇಳುತ್ತ ಕೂತರೆ ನಮಗೂ ಬುದ್ಧಿ ಬಂದಂತೆ ಅನ್ನಿಸುತ್ತದಲ್ಲ, ಆ ಸುಖಕ್ಕೆ ಬಿಬಿಸಿ ರೇಡಿಯೊ 4ರ 'ಇನ್ ಅವರ್ ಟೈಮ್'ನಷ್ಟು ಸುಲಭದ ದಾರಿ ನನಗೆ ಇನ್ನೊಂದು ಸಿಕ್ಕಿಲ್ಲ. ಮೂವರು ಪ್ರಾಧ್ಯಾಪಕರು, ಒಂದು ವಿಷಯ, ಹೆಚ್ಚುಕಮ್ಮಿ ಮುಕ್ಕಾಲು ಗಂಟೆ. ನಡುವೆ ಹಾಡಿಲ್ಲ, ಕೇಳುಗರ ಫೋನಿಲ್ಲ. ಒಂದು ಕಂತಿನಲ್ಲಿ ಅಶೋಕ ಚಕ್ರವರ್ತಿ, ಇನ್ನೊಂದರಲ್ಲಿ ನ್ಯೂಟ್ರಿನೊ, ಮತ್ತೊಂದರಲ್ಲಿ ಪುಕ್ಕವಿದ್ದ ಡೈನೊಸಾರ್.

1998ರಲ್ಲಿ ಇದರ ನಿರೂಪಕ ಮೆಲ್ವಿನ್ ಬ್ರ್ಯಾಗ್ ಅವರಿಗೆ ಸಿಕ್ಕಿದ್ದು ಗುರುವಾರ ಬೆಳಿಗ್ಗೆ ಒಂಬತ್ತರ ಹೊತ್ತು. ಅಲ್ಲಿಗೆ ಹಾಕಿದ ಕಾರ್ಯಕ್ರಮ ಉಳಿಯುವುದಿಲ್ಲ ಎಂಬ ಪ್ರತೀತಿ ಇತ್ತು. ಪುಣ್ಯಾತ್ಮರು 2025ರವರೆಗೆ ಸಾವಿರಕ್ಕೂ ಹೆಚ್ಚು ಕಂತು ನಡೆಸಿಬಿಟ್ಟರು.

ನಾನು ಮರುಳಾಗಿದ್ದು ಮಾತ್ರ ಅವರ ಪಾಂಡಿತ್ಯಕ್ಕಲ್ಲ, ಪಂಡಿತರನ್ನು ತಡೆಯುವ ಧೈರ್ಯಕ್ಕೆ. ನಮ್ಮ ಸಭೆಗಳಲ್ಲಿ ಸಂಘಟಕರು ಚೀಟಿ ಕಳಿಸುತ್ತಾರೆ. ಭಾಷಣಕಾರರು ಅದನ್ನು ಓದಿ, ಮಡಚಿ, ಜೇಬಿಗಿಟ್ಟು ಹತ್ತನೇ ಶತಮಾನದಿಂದ ಹನ್ನೊಂದಕ್ಕೆ ಬರುತ್ತಾರೆ. ಬ್ರ್ಯಾಗ್ ಅವರಲ್ಲಿ ಚೀಟಿಯಿರಲಿಲ್ಲ. ಪೀಠಿಕೆ ಹಾಕತೊಡಗಿದವರನ್ನು ಅಲ್ಲೇ ನಿಲ್ಲಿಸಿ, ಅದೇನೆಂದು ಮೊದಲು ಹೇಳಿ ಎನ್ನುತ್ತಿದ್ದರು. ಹೆಸರಿಗೆ ಲಾರ್ಡ್ ಆದರೂ ವಿಗ್ಟನ್ ಎಂಬ ಸಣ್ಣ ಊರಲ್ಲಿ ಪಬ್ ನಡೆಸುತ್ತಿದ್ದವರ ಮಗ. ಬಾಗಿಲು ಹಾಕುವ ಹೊತ್ತಿಗೆ ಗಿರಾಕಿಗಳನ್ನು ಎಬ್ಬಿಸುವ ವಿದ್ಯೆ ಮನೆಯಲ್ಲೇ ಕಲಿತದ್ದಿರಬೇಕು.

ಇಂಥ ಕಾರ್ಯಕ್ರಮವನ್ನು ಕೈತುಂಬ ಕೆಲಸ ಇಟ್ಟುಕೊಂಡೇ ಕೇಳಬೇಕು. ಪ್ಲಾಂಕ್ಟನ್ ಕಂತನ್ನು ನಾನು ಕೇಳಿದ್ದು ನೆನೆಹಾಕಿದ ಅವರೆಕಾಳು ಹಿತಕುತ್ತ. ಹೆಬ್ಬೆರಳು ಒತ್ತಿದರೆ ಬೇಳೆ ಪುಳಕ್ಕೆಂದು ಪಾತ್ರೆಗೆ ಬೀಳಬೇಕು. ಸಮುದ್ರದ ಸೂಕ್ಷ್ಮಜೀವಿಗಳಲ್ಲಿ ಮನಸ್ಸಿಟ್ಟರೆ ಒಲೆಯ ಹಿಂದಕ್ಕೆ ಹಾರುತ್ತದೆ.

"ಯಾರ್ರೀ ಅವರು, ಬೆಳಗ್ಗೆ ಬೆಳಗ್ಗೆ ಜಗಳ?" ಅಂದಳು ಹೆಂಡತಿ.

"ಜಗಳ ಅಲ್ಲ ಕಣೇ, ಚರ್ಚೆ."

"ಒಬ್ರನ್ನೂ ಪೂರ್ತಿ ಮಾತಾಡೋಕೆ ಬಿಡ್ತಿಲ್ಲ ಆ ಮನುಷ್ಯ. ನಿಮ್ಮ ಅಣ್ಣಂಗೆ ಇಂಥೋರು ಒಬ್ರು ಬೇಕಿತ್ತು."

ಪಾಡ್‌ಕಾಸ್ಟಿನಲ್ಲಿ ಕೇಳುವವರಿಗೆ ಒಂದು ಬಾಲವೂ ಸಿಗುತ್ತದೆ. ಕಾರ್ಯಕ್ರಮ ಮುಗಿದ ಮೇಲೆ, ಹೇಳದೆ ಉಳಿದದ್ದೇನು ಎಂದು ಬ್ರ್ಯಾಗ್ ಕೇಳುತ್ತಿದ್ದರು. ತಡೆಸಿಕೊಂಡವರೆಲ್ಲ ಆಗ ಕಟ್ಟೆಯೊಡೆದು ಹರಿಯುತ್ತಿದ್ದರು. ಕೊನೆಗೆ ನಿರ್ಮಾಪಕರು ಒಳಬಂದು ಟೀ ಬೇಕೋ ಕಾಫಿಯೋ ಎಂದು ವಿಚಾರಿಸುತ್ತಿದ್ದರು. ನಕ್ಷತ್ರಗಳ ಸಾವನ್ನು ಅಳುಕಿಲ್ಲದೆ ವಿವರಿಸಿದವರೂ ಅಲ್ಲಿ ಒಂದು ಕ್ಷಣ ಯೋಚಿಸುತ್ತಿದ್ದರು. ನನ್ನ ಮಟ್ಟಿಗೆ ಇದೇ ಪ್ರಧಾನ ಭಾಗ.

ಮೊನ್ನೆ ಹೆಂಡತಿ ಕೇಳಿದಳು: "ಅಷ್ಟು ಹೊತ್ತು ಕೇಳಿದ್ರಲ್ಲ, ಕೊನೆಗೆ ಏನು ತೀರ್ಮಾನ ಆಯ್ತು?"

"ಟೀ," ಅಂದೆ.