ಪ್ರಿಯದರ್ಶಿನಿ ಪೆಟ್ಟಿಗೆಯೂ ಕುಷ್ಟಗಿಯ ಮೋಟರೂ

ನಮ್ಮ ಕೊಪ್ಪಳ ಸೀಮೆಯಲ್ಲಿ ಹೊಸ ಯಂತ್ರ ಬಂತೆಂದರೆ ಅದರ ಬೆನ್ನಿಗೇ ಒಬ್ಬ ಕಾಕಾ ಹಾಜರ್. “ಇದೇನ್ ಹೊಸಾದಲೇ ತಮ್ಮಾ? ಹನುಮಪ್ಪ ಹುಟ್ಟಿದ ನಾಡಾಗ ಇದ್ದು ಡ್ರೋನ್ ನೋಡಿ ಬಾಯಿ ತಕ್ಕೊಂಡು ನಿಂತೀಯಲ್ಲ!” ಎಂದು ಅಂಜನಾದ್ರಿಯ ಕಡೆ ಕೈ ತೋರಿಸುತ್ತಾನೆ. ಗಂಗಾವತಿಯ ಭತ್ತಕ್ಕೆ ಔಷಧಿ ಹೊಡೆಯುವ ಡ್ರೋನಿಗೂ ಸಂಜೀವಿನಿ ಹೊತ್ತು ಹಾರಿದವನಿಗೂ ಕಾಕಾನ ಲೆಕ್ಕದಲ್ಲಿ ಫರಕು ಇಷ್ಟೇ: ಹನುಮಪ್ಪನಿಗೆ ಚಾರ್ಜ್ ಹಾಕಬೇಕಿರಲಿಲ್ಲ.

ಹೊಸದೆಲ್ಲ ಹಿಂದೇ ಇತ್ತೆನ್ನುವ ಈ ಜಡ್ಡು ಕಾಲೇಜು ಕಲಿತ ಹುಡುಗರಿಗೂ ಇದೆ. ಪುರಾಣದ ಜಾಗದಲ್ಲಿ ಸೈನ್ಸ್ ಫಿಕ್ಷನ್, ಅಷ್ಟೇ. ಮೊಬೈಲ್ ಮಾಡಿದ ಮಾರ್ಟಿನ್ ಕೂಪರ್‌ಗೆ ಅದು ಹೊಳೆದದ್ದು ಡಿಕ್ ಟ್ರೇಸಿ ಕಾಮಿಕ್ಸಿನ ಕೈಗಡಿಯಾರದ ರೇಡಿಯೋದಿಂದಂತೆ. ಆ ಗಡಿಯಾರ 1946ರದ್ದು, ಮೊಬೈಲಿನ ಮೊದಲ ಕರೆ 1973ರದ್ದು. ಆಯ್ತಪ್ಪ, ಒಪ್ಪಿದೆವು. ಹಾಗಾದರೆ ನಮ್ಮ ಉಪೇಂದ್ರ ಏನು ಕಡಿಮೆ? ‘ಹಾಲಿವುಡ್’ ಸಿನಿಮಾದಲ್ಲಿ ರೋಬೋ ಆಗಿ ಬಂದು ಹುಡುಗಿಗೆ ಮನಸೋತದ್ದು 2002ರಲ್ಲಿ. ರಜನೀಕಾಂತರ ‘ಎಂದಿರನ್’ ಬಂದದ್ದು 2010ಕ್ಕೆ. ಎಂಟು ವರ್ಷದ ಈ ಹಿರಿತನವನ್ನು ನಾವು ಎಲ್ಲೂ ಹೇಳಿಕೊಳ್ಳುವುದೇ ಇಲ್ಲ ನೋಡಿ.

ಇರಲಿ. ನನ್ನ ಮಟ್ಟಿಗೆ ನಮ್ಮ ಜಿಲ್ಲೆಯ ಅಸಲಿ ವಿಜ್ಞಾನ ಕಥೆ ಇರುವುದು ಕುಷ್ಟಗಿ ಕಡೆಯ ಬೋರ್‌ವೆಲ್ ಪಕ್ಕದ ತಗಡಿನ ಡಬ್ಬಿಯಲ್ಲಿ. ಅದು ಮೊಬೈಲ್ ಸ್ಟಾರ್ಟರ್. ಒಳಗೊಂದು ಸಿಮ್ ಇರುತ್ತದೆ. ನಡುರಾತ್ರಿ ತ್ರೀಫೇಸ್ ಕರೆಂಟ್ ಬಂದರೆ ಮೋಟರೇ ಮಾಲೀಕನಿಗೆ ಫೋನ್ ಮಾಡುತ್ತದೆ. ಆತ ಕೌದಿಯೊಳಗಿಂದ ಕೈಯಷ್ಟೇ ಹೊರಗೆ ಹಾಕಿ, ಒಂದು ರಿಂಗ್ ಕೊಟ್ಟು, ಮಗ್ಗಲು ಬದಲಿಸುತ್ತಾನೆ. ಅತ್ತ ಹೊಲದಲ್ಲಿ ನೀರು ಶುರು. ಬ್ಯಾಟರಿ ಹಿಡಿದು, ಹಾವು ಚೇಳು ತುಳಿಯದಂತೆ ಕಾಲೂರಿ, ಹೊಲಕ್ಕೆ ಹೋಗುತ್ತಿದ್ದ ಅಪ್ಪಂದಿರ ಕಾಲ ಮುಗಿಯಿತು. ಅಮೆರಿಕದವರು ಇದನ್ನೇ ಸ್ಮಾರ್ಟ್ ಹೋಮ್ ಎಂದು ಕೋಟು ಹಾಕಿಕೊಂಡು ಮಾರುತ್ತಾರೆ.

ಆದರೆ ಆ ಸಿಮ್ಮಿಗೂ ಹೊಟ್ಟೆ ಇದೆ. ರೀಚಾರ್ಜ್ ಮುಗಿದ ದಿನ ಮೋಟರು ಮಾಲೀಕನನ್ನೇ ಗುರುತಿಸುವುದಿಲ್ಲ. ಫಿಲಿಪ್ ಕೆ. ಡಿಕ್ ಎಂಬಾತ ಬರೆದ ‘ಯೂಬಿಕ್’ ಕಾದಂಬರಿ ಬಂದದ್ದು 1969ರಲ್ಲಿ. ಅದರಲ್ಲಿ ಒಬ್ಬನ ಮನೆಯ ಬಾಗಿಲು ಐದು ಸೆಂಟು ಕೊಡದೆ ತೆರೆಯುವುದಿಲ್ಲ ಎಂದು ಹಟ ಹಿಡಿಯುತ್ತದೆ. ಆತ ಸಿಟ್ಟಿಗೆದ್ದು ಸ್ಕ್ರೂ ಬಿಚ್ಚಲು ಹೊರಟರೆ ಕೋರ್ಟಿಗೆ ಎಳೆಯುತ್ತೇನೆ ಎಂದು ಹೆದರಿಸುತ್ತದೆ! ನಮ್ಮ ಮೋಟರು ಇನ್ನೂ ಕೋರ್ಟಿನ ಮಾತು ಎತ್ತಿಲ್ಲ, ಪುಣ್ಯ.

ಯಲಬುರ್ಗಾದ ಮಿರ್ಚಿ ಅಂಗಡಿಯಲ್ಲಂತೂ ಗಿರಾಕಿಯ ಫೋನಿನಿಂದ ದುಡ್ಡು ಬಂತೆಂದು ಕೂಗುವ ಪೆಟ್ಟಿಗೆ ಕೂತಿದೆ. ಮನೆಯಲ್ಲಿ “ಎಣ್ಣಿ ಪದಾರ್ಥ ಬಿಟ್ಟೇನಿ” ಎಂದವನು ನೂರಾ ಇಪ್ಪತ್ತು ರೂಪಾಯಿ ಕೊಟ್ಟದ್ದನ್ನು ಅದು ಇಡೀ ಬಜಾರಿಗೆ ಸಾರುತ್ತದೆ. ಯಾವ ಕಾದಂಬರಿಕಾರನೂ ಈ ಡಂಗುರವನ್ನು ಊಹಿಸಿದಂತಿಲ್ಲ.

ಭವಿಷ್ಯ ಸರಿಯಾಗಿ ಕಂಡವರು ಯಾರು ಎಂದು ಕೇಳಿದರೆ ನನ್ನ ಓಟು ‘ಮಾಯಾಬಜಾರ್’ಗೆ. ಕೆ.ವಿ. ರೆಡ್ಡಿ ನಿರ್ದೇಶಿಸಿದ 1957ರ ಆ ತೆಲುಗು ಸಿನಿಮಾ ಗಂಗಾವತಿ ಕಡೆ ಪರಭಾಷೆಯದೆಂದು ಅನಿಸುವುದೇ ಇಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದಮೇಲೆ ಆಂಧ್ರದ ರೈತರು ಬಂದು ಕಟ್ಟಿಕೊಂಡ ಕ್ಯಾಂಪ್‌ಗಳು ಅಲ್ಲಿ ಎಷ್ಟೋ ಇವೆ. ಆ ಸಿನಿಮಾದಲ್ಲಿ ಪ್ರಿಯದರ್ಶಿನಿ ಎಂಬ ಪೆಟ್ಟಿಗೆ ಬರುತ್ತದೆ. ಮುಚ್ಚಳ ತೆರೆದವರಿಗೆ ಅವರ ಮನಸ್ಸಿಗೆ ಬೇಕಾದದ್ದು ಕಾಣುತ್ತದೆ. ಶಶಿರೇಖೆಗೆ ಅವಳ ಪ್ರಿಯಕರ ಅಭಿಮನ್ಯು, ಅವಳಪ್ಪ ಬಲರಾಮನಿಗೆ ದುರ್ಯೋಧನ, ಅವ್ವ ರೇವತಿಗೆ ಒಡವೆ, ಕೃಷ್ಣನಿಗೆ ಶಕುನಿ!

ಅದನ್ನು ವೀಡಿಯೋ ಕಾಲ್‌ನ ಮುನ್ಸೂಚನೆ ಎನ್ನುವವರು ಶಶಿರೇಖೆಯನ್ನಷ್ಟೇ ನೋಡಿದ್ದಾರೆ, ರೇವತಿಯನ್ನು ಮರೆತಿದ್ದಾರೆ. ಅದು ನಮ್ಮ ರೀಲ್ಸ್. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಭತ್ತ ನಾಟಿದವನ ಫೋನಿನಲ್ಲಿ ಹೊತ್ತು ಗೊತ್ತಿಲ್ಲದೆ ಅದೇ ಗೇಟು, ಅದೇ ನೀರು, ಆಮೇಲೆ ಆ ಜಾಗಕ್ಕೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟು ಇಳಿಸಿದ ಗೇಟು ತಜ್ಞ ಕನ್ನಯ್ಯ ನಾಯ್ಡು. ಅದೇ ಪಡಸಾಲೆಯಲ್ಲಿ ಕೂತ ಸೊಸೆಯ ಫೋನಿನಲ್ಲಿ ಇಳಕಲ್ ಸೀರೆ, ಮೊಮ್ಮಗನದರಲ್ಲಿ ಕ್ರಿಕೆಟ್. ಮನೆ ಒಂದು, ವೈಫೈ ಒಂದು, ಲೋಕ ಮೂರು.

ಯಂತ್ರ ಹೇಗಿರುತ್ತದೆ ಎಂದು ಊಹಿಸುವವರು ಬೇಕಾದಷ್ಟು ಮಂದಿ. ಅದರ ಮುಂದೆ ಕೂತ ಮನುಷ್ಯ ಏನು ನೋಡುತ್ತಾನೆ ಎಂದು ಹೇಳಿದ್ದು ಆ ಪೆಟ್ಟಿಗೆ. ನಂಬಿಕೆ ಬರದಿದ್ದರೆ ಮನೆಯವರ ಫೋನು ಐದು ನಿಮಿಷ ಇಸಿದುಕೊಂಡು ನೋಡಿರಿ. ನಿಮ್ಮದನ್ನು ಮಾತ್ರ ಯಾರ ಕೈಗೂ ಕೊಡಬೇಡಿರಿ.