ಬಡತನ ಮಹಾಶಯರಿಗೆ ಬಿನ್ನವತ್ತಳೆ

ಸನ್ಮಾನ್ಯರೇ,

ಶಾಲು, ಹಾರ, ಫಲತಾಂಬೂಲಗಳೊಂದಿಗೆ ತಮ್ಮನ್ನು ಗೌರವಿಸುವ ಯೋಗ ಇಂದು ಕೂಡಿಬಂದಿದೆ. ಬಿ.ಪಿ., ಶುಗರ್, ಹಾರ್ಟು ಇವೆಲ್ಲ ಒಂದು ಕಾಲಕ್ಕೆ ಸಾಹುಕಾರರ ಕಾಯಿಲೆಗಳು. ತುಪ್ಪ ತಿಂದವರಿಗೆ ಮೀಸಲಾಗಿದ್ದ ಆ ಭಾಗ್ಯವನ್ನು ತುಪ್ಪದ ಖರ್ಚೇ ಇಲ್ಲದೆ ಕೊಳೆಗೇರಿಗೆ ಮುಟ್ಟಿಸಿದವರು ತಾವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 15 ರಾಜ್ಯಗಳಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮುಂದುವರಿದ ಕೆಲವು ರಾಜ್ಯಗಳ ಪಟ್ಟಣಗಳಲ್ಲಿ ಉಳ್ಳವರಿಗಿಂತ ಇಲ್ಲದವರಲ್ಲೇ ಸಕ್ಕರೆ ಕಾಯಿಲೆ ಹೆಚ್ಚಿತ್ತು. ಸಾಮಾಜಿಕ ನ್ಯಾಯ ಬೇರಾವ ಬಾಬ್ತಿನಲ್ಲೂ ಇಷ್ಟು ಚುರುಕಾಗಿ ಜಾರಿಯಾಗಿಲ್ಲ.

ದೂರದರ್ಶಿಗಳೇ,

ಮಗು ಹುಟ್ಟಲಿ ಎಂದು ಕಾಯುವ ಜಾಯಮಾನ ತಮ್ಮದಲ್ಲ. ಮೈಸೂರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಕೂಸುಗಳ ತೂಕ ಬರೆದಿಟ್ಟಿದ್ದರು. ಆ ಕೂಸುಗಳು ನಡುವಯಸ್ಸಿಗೆ ಬಂದಾಗ ಸಂಶೋಧಕರು ಹುಡುಕಿಕೊಂಡು ಹೋಗಿ ಎದೆ ಪರೀಕ್ಷಿಸಿದರು. ಎರಡೂವರೆ ಕಿಲೋ ಮೀರದೆ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ನೂರಕ್ಕೆ 3 ಮಂದಿಗೆ. ಬಸುರಿಯ ತಟ್ಟೆಯಲ್ಲಿ ಒಂದು ತುತ್ತು ಕಡಿಮೆ ಮಾಡಿ, ಅರ್ಧ ಶತಮಾನದ ನಂತರ ಅವಳ ಮಗನ ಎದೆಯಿಂದ ಬಡ್ಡಿಸಮೇತ ವಸೂಲು ಮಾಡುವ ತಾಳ್ಮೆ ಯಾವ ಲೇವಾದೇವಿಗಾರನಿಗಿದೆ?

ಕಾಯಕಪ್ರೇಮಿಗಳೇ,

ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳ ಬ್ಯಾಗಿನಲ್ಲಿರುವ ನೀರಿನ ಬಾಟಲಿ ಸಂಜೆ ಮುಕ್ಕಾಲು ತುಂಬಿದಂತೆಯೇ ಮನೆಗೆ ಬರುತ್ತದೆ. ಕುಡಿದರೆ ಶೌಚಕ್ಕೆ ಏಳಬೇಕು, ಎದ್ದರೆ ಟಾರ್ಗೆಟ್ ತಪ್ಪುತ್ತದೆ, ತಪ್ಪಿದರೆ ಸೂಪರ್‌ವೈಸರನ ಬೈಗುಳ. ಮೂತ್ರಕೋಶದ ಸೋಂಕು, ರಕ್ತದೊತ್ತಡ ಎರಡಕ್ಕೂ ಒಂದೇ ಹೊಲಿಗೆ ಯಂತ್ರದ ಮುಂದೆ ಏರ್ಪಾಡು! ಮನೆಗೆ ಬಂದು ಮುದ್ದೆ ತಿರುವಿ, ಸೊಪ್ಪು ಬಿಡಿಸಿ ಕೂರಲು ಹೊತ್ತೆಲ್ಲಿ? ಪಡಿತರದ ಅಕ್ಕಿ ಕುಕ್ಕರಿಗೆ, ಬೆಳಗಿನ ಸಾರು ಒಲೆಗೆ.

ಆಕೆಯ ಅತ್ತೆಗೆ ಇನ್ಸುಲಿನ್. ತಗಡಿನ ಮನೆಯಲ್ಲಿ ಫ್ರಿಜ್ ಇಲ್ಲದ್ದರಿಂದ ಸೀಸೆ ಇರುವುದು ಒದ್ದೆ ಮರಳಿನಲ್ಲಿಟ್ಟ ಮಡಕೆಯೊಳಗೆ. ಬಿ.ಪಿ. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಅದನ್ನು ತರಲು ಹೋದ ದಿನದ ಕೂಲಿ ಮಾತ್ರ ಖೋತಾ. ಹಾಗಾಗಿ ದಿನ ಬಿಟ್ಟು ದಿನ ನುಂಗುವ ಮಿತವ್ಯಯವನ್ನು ಮನೆಮಂದಿಗೆಲ್ಲ ತಾವೇ ಕಲಿಸಿದ್ದೀರಿ.

ವಿಶ್ವಕುಟುಂಬಿಗಳೇ,

ತಾವು ಕಾಲಿಡದ ಕಡೆ ತಮ್ಮ ಸೋದರರಾದ ಶ್ರೇಣಿ ಮಹಾಶಯರು ಕೆಲಸ ನೋಡಿಕೊಳ್ಳುತ್ತಾರೆ. 1967ರಲ್ಲಿ ಲಂಡನ್ನಿನ ವೈಟ್‌ಹಾಲ್ ಸರ್ಕಾರಿ ನೌಕರರ ಅಧ್ಯಯನ ಶುರುವಾಯಿತು. ಎಲ್ಲರಿಗೂ ಖಾಯಂ ಕೆಲಸ, ತಿಂಗಳ ಸಂಬಳ, ಸರ್ಕಾರದ ಉಚಿತ ಚಿಕಿತ್ಸೆ. ಆದರೂ ತೀರಾ ಕೆಳದರ್ಜೆಯವರು ಹೃದ್ರೋಗಕ್ಕೆ ಬಲಿಯಾದ ಪ್ರಮಾಣ ಮೇಲಧಿಕಾರಿಗಳದ್ದಕ್ಕಿಂತ ಸುಮಾರು ಮೂರು ಪಟ್ಟು. ಸಿಗರೇಟು, ಕೊಬ್ಬು, ರಕ್ತದೊತ್ತಡ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಆ ಅಂತರದ ಅರ್ಧಕ್ಕಿಂತ ಹೆಚ್ಚು ಪಾಲು ಹಾಗೇ ಉಳಿಯಿತು. ಅದು ಕುರ್ಚಿಯ ಎತ್ತರದ ಮಹಿಮೆ.

ಪ್ರಚಾರವಿಮುಖರೇ,

ಇಷ್ಟೆಲ್ಲ ಮಾಡಿಯೂ ಕೀರ್ತಿಗೆ ಆಸೆಪಟ್ಟವರಲ್ಲ ತಾವು. ರೋಗಿಯ ಕೇಸ್ ಶೀಟಿನಲ್ಲಿ ತಮ್ಮ ಹೆಸರಿಲ್ಲ, ಮರಣಪತ್ರದಲ್ಲಂತೂ ಇಲ್ಲವೇ ಇಲ್ಲ. ಅಲ್ಲಿ ಬರೆಯುವುದು ಹೃದಯಾಘಾತ ಎಂದು; ಬೈಯುವುದು ರೋಗಿಯ ನಾಲಿಗೆಚಪಲವನ್ನು. ಬೆಳಗ್ಗೆ ಐದಕ್ಕೆ ಕಸದ ಗಾಡಿ ತಳ್ಳುವವಳಿಗೆ ನಾವು ವಾಕಿಂಗ್ ಮಾಡಮ್ಮ ಎನ್ನುತ್ತೇವೆ. ತರಕಾರಿ ತೂಗಿಸುವಾಗ ಚೀಲದಿಂದ ಎರಡು ಟೊಮೆಟೊ ವಾಪಸು ಹಾಕುವವಳಿಗೆ ಹಣ್ಣು ಜಾಸ್ತಿ ತಿನ್ನು ಎನ್ನುತ್ತೇವೆ. ಬಾಡಿಗೆ ಬಾಕಿ ಇರುವವನಿಗೆ ಟೆನ್ಷನ್ ಮಾಡ್ಕೋಬೇಡ ಎನ್ನುತ್ತೇವೆ. ತಮ್ಮ ಹೆಸರು ಎಲ್ಲೂ ಬಾರದಂತೆ ಕಾಯ್ದ ಈ ಅಳಿಲುಸೇವೆ ನಮ್ಮದು ಎಂಬ ಹೆಮ್ಮೆ ನಮಗಿದೆ.

ಸನ್ಮಾನಿತರು ನೂರ್ಕಾಲ ಬಾಳಲೆಂದು ಹಾರೈಸುವುದು ವಾಡಿಕೆ. ತಮಗೆ ಅದರ ಅಗತ್ಯವಿಲ್ಲ. ಕೂಲಿ, ಸೂರು, ಬಸುರಿಯ ಊಟ, ಕೆಲಸದ ನಡುವೆ ಎದ್ದು ಹೋಗಿ ಬರುವಷ್ಟು ಬಿಡುವು ಇವು ಈಗಿರುವಂತೆಯೇ ಇರುವವರೆಗೆ ತಮ್ಮ ಆಯುಸ್ಸು ಗಟ್ಟಿ. ಕಡಿಮೆಯಾಗುವುದು ತಮ್ಮನ್ನು ಮನೆಯಲ್ಲಿಟ್ಟುಕೊಂಡವರದು.

ಇಂತಿ,
ತಮ್ಮಿಂದ ದೂರವಿದ್ದು ಕ್ಷೇಮವಾಗಿರುವ ಅಭಿಮಾನಿ ಬಳಗ